ಪದವೀಧರರು ಸಿಗುತ್ತಿಲ್ಲವೇ? ಹುಡುಕುವ ದಾರಿ ಬದಲಿಸಿ

ಕಳೆದ ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಉದ್ದಿಮೆದಾರರ ಸಭೆಯೊಂದಕ್ಕೆ ಹೋಗಿದ್ದೆ. ಯಂತ್ರಗಳ ಬಿಡಿಭಾಗ ತಯಾರಿಸುವ ಉದ್ಯಮಿಯೊಬ್ಬರು ಬೇಸರದಿಂದ ಹೇಳಿದರು: 'ಲೆಕ್ಕಪತ್ರ ವಿಭಾಗಕ್ಕೆ ಇಬ್ಬರು ಬೇಕೆಂದು ಆರು ತಿಂಗಳಿಂದ ಹುಡುಕುತ್ತಿದ್ದೇನೆ. ಬಂದವರಿಗೆ ಒಂದು ಇನ್‌ವಾಯ್ಸ್ ಮಾಡಲೂ ಬರುವುದಿಲ್ಲ. ಮೂರು ವರ್ಷ ಬಿ.ಕಾಂ. ಓದಿ ಇವರು ಕಲಿತದ್ದೇನು ಸಾರ್?' ಇದಾದ ಹತ್ತು ದಿನಗಳಲ್ಲಿ ತುಮಕೂರು ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಸಮಾರಂಭಕ್ಕೆ ಅತಿಥಿಯಾಗಿ ಹೋಗುವ ಸಂದರ್ಭ ಬಂತು. ಅಲ್ಲಿನ ಪ್ರಾಂಶುಪಾಲರದು ಬೇರೆಯೇ ದೂರು: 'ವರ್ಷಕ್ಕೆ ನೂರಕ್ಕೂ ಹೆಚ್ಚು ಮಕ್ಕಳು ಇಲ್ಲಿ ಬಿ.ಕಾಂ. ಮುಗಿಸುತ್ತಾರೆ. ಈವರೆಗೆ ಒಂದು ಕಂಪನಿಯವರೂ ನಮ್ಮ ಗೇಟಿನೊಳಗೆ ಕಾಲಿಟ್ಟಿಲ್ಲ.'

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಅಷ್ಟೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಸಿದ್ಧಪಡಿಸಿದ 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4 ಮಾತ್ರ. ಓದಿದಷ್ಟೂ ನಿರುದ್ಯೋಗ ಹೆಚ್ಚುವ ಈ ವಿಪರ್ಯಾಸಕ್ಕೆ ಶಿಕ್ಷಣದ ಗುಣಮಟ್ಟವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಗುಣಮಟ್ಟದ ಕೊರತೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಉದ್ಯೋಗದಾತರು ಅಭ್ಯರ್ಥಿಗಳನ್ನು ಹುಡುಕುವ ಕ್ರಮದಲ್ಲಿಯೇ ಒಂದು ದೊಡ್ಡ ದೋಷವಿದೆ. ಆ ದೋಷದಲ್ಲಿ ನನಗೂ ಪಾಲಿದೆಯಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

2009ರ ಮಾತು. ಸರ್ಕಾರಿ ಸ್ವಾಮ್ಯದ ಒಂದು ನಿಗಮದಲ್ಲಿ ನಾನಾಗ ಹಿರಿಯ ಅಧಿಕಾರಿಯಾಗಿದ್ದೆ. ಲೆಕ್ಕಪತ್ರ ಶಾಖೆಗೆ ಒಂದು ವರ್ಷದ ಅವಧಿಗೆ ತರಬೇತಿ ಸಹಾಯಕರನ್ನು ಆಯ್ಕೆ ಮಾಡಲು ತಾಲ್ಲೂಕು ಕೇಂದ್ರವೊಂದರ ಕಾಲೇಜಿಗೆ ಹೋಗಿದ್ದೆವು. ಆಯ್ಕೆ ಸಮಿತಿಗೆ ನಾನೇ ಅಧ್ಯಕ್ಷ. ಪದವಿಯಲ್ಲಿ ಶೇ 60 ಅಂಕ ಇರತಕ್ಕದ್ದು ಎಂಬ ಷರತ್ತನ್ನು ಹಾಕಿದವನೂ ನಾನೇ. ಅರ್ಜಿಗಳನ್ನು ಪರಿಶೀಲಿಸುವಾಗ ಶೇ 58 ಅಂಕದ ಒಬ್ಬ ವಿದ್ಯಾರ್ಥಿನಿಯ ಅರ್ಜಿ ಬಂತು. 'ಅನುಭವ' ಎಂಬ ಅಂಕಣದಲ್ಲಿ ಆಕೆ 'ಇಲ್ಲ' ಎಂದು ಬರೆದಿದ್ದಳು. ಗುಮಾಸ್ತರು ಅದನ್ನು ತಿರಸ್ಕೃತ ಅರ್ಜಿಗಳ ಕಟ್ಟಿಗೆ ಸೇರಿಸಿದರು. ಸಂಜೆ ಜೀಪು ಹತ್ತುವಾಗ ಪ್ರಾಂಶುಪಾಲರು ಹಿಂಜರಿಯುತ್ತಲೇ ಒಂದು ಮಾತು ತಿಳಿಸಿದರು. ಆಕೆಯ ತಂದೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಅವರು ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಎರಡು ವರ್ಷ ಈ ಹುಡುಗಿಯೇ ಬೆಳಿಗ್ಗೆ ಸಂಜೆ ಹಾಲು ಅಳೆಸಿಕೊಂಡು, ಫ್ಯಾಟ್ ಬರೆದುಕೊಂಡು, ನೂರಾರು ಸದಸ್ಯರ ಬಟವಾಡೆ ಲೆಕ್ಕ ನೋಡಿದ್ದಳು. ಆಡಿಟ್‌ನಲ್ಲಿ ಒಂದು ಆಕ್ಷೇಪಣೆಯೂ ಬಂದಿರಲಿಲ್ಲವಂತೆ.

ನಿಯಮ ನಿಯಮವೇ ಎಂದು ಹೇಳಿ ನಾನು ಜೀಪು ಹತ್ತಿದೆ. ಅಂದು ಆಯ್ಕೆಯಾದ ನಾಲ್ವರಲ್ಲಿ ಇಬ್ಬರು ಸೇರಲೇ ಇಲ್ಲ. ಮೂರನೆಯವನಿಗೆ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಮಾಡಲು ಕಲಿಸುವುದರಲ್ಲಿ ನಮ್ಮ ಸೂಪರಿಂಟೆಂಡೆಂಟರು ಸುಸ್ತಾದರು. ಆ ಷರತ್ತನ್ನು ಸಡಿಲಿಸುವ ಅಧಿಕಾರ ನನಗಿತ್ತು. ಹೆಣ್ಣುಮಗಳೊಬ್ಬಳು ಎರಡು ವರ್ಷ ಒಂದು ಸಂಸ್ಥೆಯ ಲೆಕ್ಕ ಬರೆದೂ ತನಗೆ ಅನುಭವ 'ಇಲ್ಲ' ಎಂದು ಬರೆಯುವಂತೆ ಮಾಡಿದ್ದು ನಮ್ಮ ಅರ್ಜಿ ನಮೂನೆ. ನಿವೃತ್ತಿಯ ನಂತರವೂ ನನ್ನನ್ನು ಕಾಡುವ ಕಡತಗಳಲ್ಲಿ ಇದೂ ಒಂದು.

ನಾನು ಓದಿದ ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿವರಣೆ ಇದೆ. ಕೆಲಸ ಕೊಡುವವನಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ತಿಳಿದಿರುವುದಿಲ್ಲ, ಅಭ್ಯರ್ಥಿಗೆ ತಿಳಿದಿರುತ್ತದೆ. ಈ ಮಾಹಿತಿಯ ಅಸಮತೋಲನದಿಂದಾಗಿ ಮಾಲೀಕರು ಅಂಕ, ಕಾಲೇಜಿನ ಹೆಸರು, ಇಂಗ್ಲಿಷ್ ಮಾತಿನ ಶೈಲಿ ಮುಂತಾದ ಹೊರಗಿನ ಸಂಕೇತಗಳನ್ನು ನಂಬುತ್ತಾರೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. 2001ರಲ್ಲಿ ಜಾರ್ಜ್ ಅಕರ್ಲಾಫ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಪಾರಿತೋಷಕ ಪಡೆದರು. ಸಂಕೇತವನ್ನು ನಂಬುವುದು ಮೂರ್ಖತನವಲ್ಲ, ಬೇರೆ ದಾರಿ ಇಲ್ಲದಾಗ ಅದು ವಿವೇಕವೇ. ಆದರೆ ಬೇರೆ ದಾರಿ ಇದೆ. ಅಭ್ಯರ್ಥಿಯನ್ನು ಎರಡು ಮೂರು ತಿಂಗಳು ಕೆಲಸದಲ್ಲಿಯೇ ನೋಡುವುದು ಆ ದಾರಿ. ಇಂಟರ್ನ್‌ಶಿಪ್ಪಿನ ನಿಜವಾದ ಆರ್ಥಿಕ ಅರ್ಥ ಇದೇ. ಅದು ಮಾಲೀಕನು ವಿದ್ಯಾರ್ಥಿಗೆ ಮಾಡುವ ಉಪಕಾರವಲ್ಲ, ತನ್ನ ಅಜ್ಞಾನವನ್ನು ಕಡಿಮೆ ಖರ್ಚಿನಲ್ಲಿ ಕಳೆದುಕೊಳ್ಳುವ ಉಪಾಯ.

ನಮ್ಮಲ್ಲಿ ಇದು ಹೊಸದೇನೂ ಅಲ್ಲ. ಲೆಕ್ಕಪರಿಶೋಧಕರಾಗುವವರು ತಲೆಮಾರುಗಳಿಂದ ಆರ್ಟಿಕಲ್‌ಶಿಪ್ ಮಾಡುತ್ತಾ ಬಂದಿದ್ದಾರೆ. ಮೂರು ವರ್ಷವಿದ್ದ ಅದರ ಅವಧಿಯನ್ನು 2023ರಲ್ಲಿ ಎರಡು ವರ್ಷಕ್ಕೆ ಇಳಿಸಲಾಯಿತು. ಪಿಲಾನಿಯ ಬಿಟ್ಸ್ ಸಂಸ್ಥೆಯು 1973ರಲ್ಲಿಯೇ 'ಪ್ರಾಕ್ಟೀಸ್ ಸ್ಕೂಲ್' ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಕಾರ್ಖಾನೆಗಳಿಗೆ ಕಳಿಸಲಾರಂಭಿಸಿತು. ಅಷ್ಟು ದೂರವೇಕೆ, ನಮ್ಮದೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು, ಅಂದರೆ ಜಿಟಿಟಿಸಿಯನ್ನು ನೋಡಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿಯೇ ತರಬೇತಿ ಕಡ್ಡಾಯ. ಆ ಹುಡುಗರಿಗೆ ಕೆಲಸ ಸಿಗುವುದು ಕಷ್ಟವಲ್ಲವೆಂಬುದನ್ನು ಪೀಣ್ಯದ ಯಾವ ಮಾಲೀಕರನ್ನು ಕೇಳಿದರೂ ಹೇಳುತ್ತಾರೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ ಬಹುಸಂಖ್ಯಾತರಿಗೆ ಮಾತ್ರ ಇಂಥ ಸೇತುವೆಯೇ ಇರಲಿಲ್ಲ.

ಈಗ ಸೇತುವೆಗಳು ಬರುತ್ತಿವೆ. ಆದರೆ ಅವುಗಳ ಮೇಲೆ ಏನು ನಡೆಯುತ್ತಿದೆ ಎಂಬುದು ಬೇರೆ ಮಾತು. ವಿಶ್ವವಿದ್ಯಾಲಯಗಳು ಇಂಟರ್ನ್‌ಶಿಪ್ಪಿಗೆ ಅಂಕ, ಕ್ರೆಡಿಟ್ ನೀಡತೊಡಗಿದ ಮೇಲೆ ಪ್ರಮಾಣಪತ್ರದ ಒಂದು ಮಾರುಕಟ್ಟೆಯೇ ಹುಟ್ಟಿಕೊಂಡಿದೆ. ವಿದ್ಯಾರ್ಥಿಯೇ ದುಡ್ಡು ಕೊಟ್ಟು, ನಾಲ್ಕು ವಾರ ಆನ್‌ಲೈನ್ ಪಾಠ ಕೇಳಿ, ಬಣ್ಣದ ಪ್ರಮಾಣಪತ್ರ ಪಡೆಯುವ ವ್ಯವಹಾರಕ್ಕೆ ಇಂಟರ್ನ್‌ಶಿಪ್ ಎಂಬ ಹೆಸರು. ನಮ್ಮ ಬೀದಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಹದಿನೈದು ಸಾವಿರ ರೂಪಾಯಿ ತೆತ್ತು ಅಂಥದೊಂದನ್ನು ತಂದಿದ್ದ. 'ಅಂಕಲ್, ಕಾಲೇಜಿಗೆ ರಿಪೋರ್ಟ್ ಕೊಡಬೇಕು, ಕಂಪನಿಯವರು ಯಾರೂ ಒಳಗೆ ಬಿಡಲ್ಲ, ಇನ್ನೇನು ಮಾಡಲಿ?' ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಬಗೆಯ ಸಂಸ್ಥೆಗಳಿವೆ. ಅವು ಶಿಷ್ಯವೇತನವಿಲ್ಲದೆ ಮೂರು ತಿಂಗಳು ದುಡಿಸಿಕೊಂಡು, 'ಮುಂದೆ ನೋಡೋಣ' ಎಂದು ಕಳಿಸಿ, ಮತ್ತೆ ಹೊಸ ತಂಡವನ್ನು ಕರೆಯುತ್ತವೆ. ಇದರಿಂದ ವಿದ್ಯಾರ್ಥಿಗೆ ಆಗುವ ನಷ್ಟ ಎಲ್ಲರಿಗೂ ಕಾಣುತ್ತದೆ. ಮಾಲೀಕನಿಗೂ ನಷ್ಟವಿದೆ: ಬೆಂಗಳೂರಿನಲ್ಲಿ ಸಂಬಳವಿಲ್ಲದೆ ಮೂರು ತಿಂಗಳು ಇರಬಲ್ಲವರು ಅನುಕೂಲಸ್ಥರ ಮಕ್ಕಳು ಮಾತ್ರ. ಆಯ್ಕೆ ಅಲ್ಲಿಗೇ ಮುಗಿದಂತೆ.

ಕೇಂದ್ರ ಸರ್ಕಾರದ ಅನುಭವವೂ ಇದನ್ನೇ ಹೇಳುತ್ತದೆ. ದೇಶದ 500 ಅಗ್ರ ಕಂಪನಿಗಳಲ್ಲಿ ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ ಇಂಟರ್ನ್‌ಶಿಪ್ ಕೊಡಿಸುವುದಾಗಿ 2024ರ ಜುಲೈ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಅದೇ ಅಕ್ಟೋಬರಿನಲ್ಲಿ ಪ್ರಾಯೋಗಿಕ ಹಂತ ಶುರುವಾಯಿತು. ತಿಂಗಳಿಗೆ 5,000 ರೂಪಾಯಿ ಭತ್ಯೆ, ಒಂದು ವರ್ಷದ ಅವಧಿ. ಮೊದಲ ಸುತ್ತಿನಲ್ಲಿ ಕಂಪನಿಗಳು ಸುಮಾರು 82 ಸಾವಿರ ಆಹ್ವಾನ ಕಳಿಸಿದವು. ಒಪ್ಪಿಕೊಂಡವರು 28 ಸಾವಿರದಷ್ಟು. ಕೊನೆಗೆ ಹೋಗಿ ಸೇರಿದವರು ಒಂಬತ್ತು ಸಾವಿರಕ್ಕೂ ಕಡಿಮೆ. ಯುವಕರಿಗೆ ದುಡಿಯುವ ಮನಸ್ಸಿಲ್ಲ ಎಂದು ಷರಾ ಬರೆಯುವ ಮೊದಲು ಬೆಂಗಳೂರಿನ ಪಿಜಿಯೊಂದರ ಬಾಡಿಗೆ ವಿಚಾರಿಸುವುದು ಒಳ್ಳೆಯದು. ಮೂವರು ಹಂಚಿಕೊಳ್ಳುವ ಕೊಠಡಿಗೂ ಏಳೆಂಟು ಸಾವಿರ ಕೇಳುತ್ತಾರೆ. ಊರಿನಿಂದ ತಿಂಗಳಿಗೆ ಮೂರು ಸಾವಿರ ತರಿಸಿಕೊಂಡು ಕೆಲಸ ಮಾಡುವ ಸ್ಥಿತಿಯನ್ನು ಯಾವ ರೈತ ಕುಟುಂಬ ಒಪ್ಪೀತು?

ಆದ್ದರಿಂದ ಮಾಲೀಕರಿಗೆ ನನ್ನ ಮೊದಲ ಸಲಹೆ, ದೂರದ ಹೆಸರಾಂತ ಕಾಲೇಜುಗಳ ಹಿಂದೆ ಬೀಳುವುದನ್ನು ಬಿಟ್ಟು ನಿಮ್ಮ ಕಾರ್ಖಾನೆಗೆ ಬೆಳಿಗ್ಗೆ ಬಂದು ಸಂಜೆ ಮರಳಬಹುದಾದ ದೂರದಲ್ಲಿರುವ ಎರಡು ಮೂರು ಕಾಲೇಜುಗಳನ್ನು ಗುರುತಿಸಿ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಯಾವ ಕೈಗಾರಿಕಾ ಪ್ರದೇಶವೂ ಇವುಗಳಿಂದ ಬಹಳ ದೂರವಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ. ಮಾಲೀಕರು ಈ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಕೆಲಸದ ವೇಳೆಯನ್ನು ಕೊನೆಯ ಬಸ್ಸಿಗೆ ಅರ್ಧ ಗಂಟೆ ಹೊಂದಿಸಿಕೊಂಡರೆ ಸಾಕು, ಅರ್ಜಿಗಳ ಸಂಖ್ಯೆ ಎರಡರಷ್ಟಾದರೆ ನನಗೆ ಆಶ್ಚರ್ಯವಾಗದು.

ಹೋಗುವ ಕಾಲವೂ ಮುಖ್ಯ. ಅಂತಿಮ ವರ್ಷದ ಕೊನೆಯ ಸೆಮಿಸ್ಟರಿನಲ್ಲಿ, ಪರೀಕ್ಷೆಯ ಹೊಸ್ತಿಲಲ್ಲಿ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಎರಡನೆಯ ವರ್ಷದಲ್ಲಿಯೇ ಹೋಗಬೇಕು. ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಕುರಿತು 2024ರಲ್ಲಿ ಯುಜಿಸಿ ಹೊರಡಿಸಿದ ಮಾರ್ಗಸೂಚಿಯೂ ನಾಲ್ಕನೆಯ ಸೆಮಿಸ್ಟರಿನ ನಂತರದ ಅವಧಿಯನ್ನೇ ಸೂಚಿಸುತ್ತದೆ. ಆಗ ರಜೆಯಲ್ಲಿ ಬಂದು ಕೆಲಸ ನೋಡಿದ ವಿದ್ಯಾರ್ಥಿಯು ಅಂತಿಮ ವರ್ಷದಲ್ಲಿ ಏನು ಕಲಿಯಬೇಕೆಂದು ತಾನೇ ತಿಳಿದುಕೊಳ್ಳುತ್ತಾನೆ. ಕಾಲೇಜಿನಲ್ಲಿ ಯಾರನ್ನು ಕಾಣಬೇಕು? ಪ್ರಾಂಶುಪಾಲರಿಗೆ ಪತ್ರ ಬರೆಯುವುದು ಶಿಷ್ಟಾಚಾರ. ಆದರೆ ಕೆಲಸ ಆಗುವುದು ವಾಣಿಜ್ಯ ವಿಭಾಗದ ಅಧ್ಯಾಪಕರಿಂದ. ಸರ್ಕಾರಿ ಕಾಲೇಜಿನಲ್ಲಿ ಉದ್ಯೋಗ ಮಾರ್ಗದರ್ಶನ ಘಟಕವೆಂದರೆ ಪಾಠ, ಮೌಲ್ಯಮಾಪನ, ಚುನಾವಣಾ ಕರ್ತವ್ಯಗಳ ನಡುವೆ ಈ ಹೊಣೆಯನ್ನೂ ಹೊತ್ತ ಒಬ್ಬ ಅಧ್ಯಾಪಕರು. ಯಾರು ಹೊಲದ ಕೆಲಸ ಮುಗಿಸಿ ತರಗತಿಗೆ ಬರುತ್ತಾರೆ, ಯಾರು ಕಾಲೇಜು ಹಬ್ಬದ ಲೆಕ್ಕವನ್ನು ಪೈಸೆ ತಪ್ಪದೆ ಒಪ್ಪಿಸಿದರು ಎಂಬುದು ಅವರಿಗೆ ಗೊತ್ತು. ಅಂಕಪಟ್ಟಿಗೆ ಅದು ಗೊತ್ತಿಲ್ಲ.

ಉದ್ಯೋಗ ಮೇಳಗಳ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಸೇವೆಯಲ್ಲಿದ್ದಾಗ ಅಂಥ ಮೇಳಗಳನ್ನು ಸಂಘಟಿಸಿದವನೇ ಹೇಳುತ್ತಿರುವ ಮಾತಿದು. ಶಾಮಿಯಾನದ ಕೆಳಗೆ ಸಾವಿರಾರು ಜನರ ಸಾಲು, ಮೂರು ನಿಮಿಷದ ಸಂದರ್ಶನ, ಮರುದಿನದ ಪತ್ರಿಕೆಗೆ ಒಂದು ಅಂಕಿ. ಆ ಅಂಕಿಯಲ್ಲಿ ಎಷ್ಟು ಜನ ಆರು ತಿಂಗಳ ನಂತರವೂ ಕೆಲಸದಲ್ಲಿದ್ದರೆಂದು ನಾವು ಯಾರೂ ಕೇಳಲಿಲ್ಲ.

ಆಯ್ಕೆಯ ವಿಧಾನಕ್ಕೆ ಬರೋಣ. ಶೇ 60ರ ಬೇಲಿಯನ್ನು ಮೊದಲು ಕಿತ್ತುಹಾಕಿ. ಅದರ ಬದಲಿಗೆ ನಿಮ್ಮ ಕಚೇರಿಯ ನಿಜವಾದ ಕೆಲಸದ ಒಂದು ತುಣುಕನ್ನು ಮುಂದಿಡಿ: ಹತ್ತು ಡೆಲಿವರಿ ಚಲನ್, ಒಂದು ಸ್ಟಾಕ್ ರಿಜಿಸ್ಟರ್ ಪುಟ, ಅದರಲ್ಲಿ ಬೇಕೆಂದೇ ಸೇರಿಸಿದ ಎರಡು ತಪ್ಪು. ಒಂದು ಗಂಟೆ ಕೊಡಿ. ತಪ್ಪನ್ನು ಹಿಡಿದವರು ಯಾರು, ಹಿಡಿಯಲಾಗದಿದ್ದರೂ 'ಇದು ಏಕೋ ಸರಿಯಿಲ್ಲ' ಎಂದು ಕೇಳಿದವರು ಯಾರು ಎಂಬುದು ತಾನಾಗಿಯೇ ಕಾಣುತ್ತದೆ. ಪ್ರಶ್ನೆ ಕನ್ನಡದಲ್ಲಿಯೂ ಇರಲಿ. ಹೊರದೇಶದ ಗ್ರಾಹಕರೊಂದಿಗೆ ಮಾತನಾಡುವ ಹುದ್ದೆಗೆ ಇಂಗ್ಲಿಷ್ ಬೇಕು, ಒಪ್ಪೋಣ. ಗೋದಾಮಿನ ಲೆಕ್ಕ ಇಡಲು 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂಬ ಪ್ರಶ್ನೆಗೆ ನಿರರ್ಗಳ ಉತ್ತರ ಏಕೆ ಬೇಕು?

ಪ್ರಕಟಣೆಯಲ್ಲಿ ಕೆಲಸವೇನು, ಸ್ಥಳವೆಲ್ಲಿ, ವೇಳೆ ಎಷ್ಟು, ಕೈಗೆ ಬರುವ ಮೊತ್ತ ಎಷ್ಟು, ಮುಗಿದ ಮೇಲೆ ಹುದ್ದೆಯ ಸಾಧ್ಯತೆ ಇದೆಯೇ ಎಂಬುದನ್ನು ನೇರವಾಗಿ ಬರೆಯಬೇಕು. 'ಆಕರ್ಷಕ ಸಂಬಳ' ಎಂಬ ಪದಪುಂಜವನ್ನು ಇಂದಿನ ಯಾವ ವಿದ್ಯಾರ್ಥಿಯೂ ನಂಬುವುದಿಲ್ಲ. ಆಯ್ಕೆಯಾಗದವರಿಗೂ ಒಂದು ಸಾಲಿನ ಉತ್ತರ ಕಳಿಸಿ. ಕೊಟ್ಟ ನೇಮಕಾತಿ ಪತ್ರಕ್ಕೆ ಬದ್ಧರಾಗಿರಿ. 2022ರಲ್ಲಿ ಪತ್ರ ಪಡೆದ ಎಂಜಿನಿಯರಿಂಗ್ ಪದವೀಧರರು ಸೇರುವ ದಿನಕ್ಕಾಗಿ ಎರಡು ವರ್ಷ ಕಾದ ಪ್ರಕರಣ ದೊಡ್ಡ ಐಟಿ ಸಂಸ್ಥೆಯೊಂದರಲ್ಲಿಯೇ ನಡೆದಿದೆ. ಆ ಎರಡು ವರ್ಷ ಅವರ ಮನೆಯವರು ನೆಂಟರಿಷ್ಟರಿಗೆ ಏನು ಹೇಳಿರಬೇಕು?

ಹಣದ ಪ್ರಶ್ನೆಗೆ ಸಣ್ಣ ಉದ್ದಿಮೆದಾರರು ಕೈಚೆಲ್ಲುತ್ತಾರೆ. ಕಾನೂನು ಅವರ ಪರವಾಗಿಯೇ ಇದೆ ಎಂಬುದು ಅನೇಕರಿಗೆ ತಿಳಿಯದು. 1961ರ ಶಿಶಿಕ್ಷು ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯು ಎಂಜಿನಿಯರಿಂಗ್ ಅಲ್ಲದ ಪದವೀಧರರನ್ನೂ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ದಾರಿ ಮಾಡಿತು. ಮಾಲೀಕರನ್ನು ಹೆದರಿಸುತ್ತಿದ್ದ ಜೈಲು ಶಿಕ್ಷೆಯನ್ನು ತೆಗೆದುಹಾಕಿತು. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳಿಗೆ ಇದು ಐಚ್ಛಿಕ. ಪದವೀಧರರ ಕನಿಷ್ಠ ಶಿಷ್ಯವೇತನವನ್ನು ಅಂದು 9,000 ರೂಪಾಯಿಗೆ ನಿಗದಿಪಡಿಸಲಾಯಿತು. ಅದನ್ನು ಶೇ 36ರಷ್ಟು ಹೆಚ್ಚಿಸಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿ ಶಿಫಾರಸು ಮಾಡಿತು. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ದಕ್ಷಿಣ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈಯಲ್ಲಿದೆ, ನೋಂದಣಿ ಆನ್‌ಲೈನ್. ತಿದ್ದುಪಡಿಯಾದ ಕಾಯ್ದೆಯ 22ನೆಯ ಕಲಂ ಇನ್ನೊಂದು ಮಾತು ಹೇಳುತ್ತದೆ: ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಮಾಲೀಕನೂ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕು. ಆ ನೀತಿಯನ್ನು ಬರೆದು ಗೋಡೆಗೆ ಅಂಟಿಸಿದ ಒಂದು ಕಾರ್ಖಾನೆಯನ್ನು ನಾನಿನ್ನೂ ನೋಡಿಲ್ಲ.

'ನಾವು ಕಲಿಸಿ ಸಿದ್ಧಮಾಡುತ್ತೇವೆ, ಪಕ್ಕದವನು ಎರಡು ಸಾವಿರ ಹೆಚ್ಚು ಕೊಟ್ಟು ಎಳೆದುಕೊಳ್ಳುತ್ತಾನೆ. ಗಿಣಿ ಸಾಕಿ ಗಿಡುಗದ ಕೈಗೆ ಕೊಟ್ಟಂತೆ' ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಎಲ್ಲ ಕಡೆಯೂ ಉಪಯೋಗಕ್ಕೆ ಬರುವ ಕೌಶಲವನ್ನು ಕಲಿಸಲು ಯಾವ ಮಾಲೀಕನೂ ತನ್ನ ಹಣ ಹಾಕಲು ಹಿಂಜರಿಯುತ್ತಾನೆಂದು ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಇಂಥ ಕೌಶಲಗಳೇ. ಸರ್ಕಾರ ಅರ್ಧ ಶಿಷ್ಯವೇತನ ಕೊಡುವುದಕ್ಕೆ ಆರ್ಥಿಕ ಸಮರ್ಥನೆಯೂ ಇದೇ. ಆದರೂ ನನ್ನ ಅನುಭವದಲ್ಲಿ ಹುಡುಗರು ಓಡಿಹೋಗುವುದು ಎರಡು ಸಾವಿರಕ್ಕಲ್ಲ. ಬಂದ ದಿನ ಕೂರಲು ಕುರ್ಚಿ ಇರುವುದಿಲ್ಲ. ಒಂದು ತಿಂಗಳು ಜೆರಾಕ್ಸ್ ಮಾಡಿಸುತ್ತಾರೆ, ಚಹಾ ತರಿಸುತ್ತಾರೆ. ಕೆಲಸ ಕಲಿಸುವವರು ಯಾರೆಂದು ಯಾರಿಗೂ ತಿಳಿದಿರುವುದಿಲ್ಲ. ನಮ್ಮ ಕಚೇರಿಯಲ್ಲಿಯೂ ಬೇಸಿಗೆಯಲ್ಲಿ ಬಂದ ವಿದ್ಯಾರ್ಥಿಗಳನ್ನು ಹಳೆಯ ಕಡತ ಜೋಡಿಸಲು ಹಚ್ಚಿದ್ದುಂಟು. ಒಬ್ಬ ಹಿರಿಯ ನೌಕರರಿಗೆ ಇಬ್ಬರು ಕಲಿಯುವವರನ್ನು ಒಪ್ಪಿಸಿ, ಕಲಿಸುವ ವೇಳೆಯನ್ನು ಆ ನೌಕರರ ಕೆಲಸದ ಭಾಗವೆಂದೇ ಪರಿಗಣಿಸಿ, ವಾರಕ್ಕೊಮ್ಮೆ ಹದಿನೈದು ನಿಮಿಷ ಮಾಲೀಕರೇ ಕುಳಿತು ವಿಚಾರಿಸಿದರೆ ಬಹುಪಾಲು ಜನ ನಿಲ್ಲುತ್ತಾರೆ. ನಿಲ್ಲದವರು ಇದ್ದೇ ಇರುತ್ತಾರೆ.

ನಿವೃತ್ತಿಗೆ ಎರಡು ವರ್ಷ ಮೊದಲು ನಮ್ಮ ನಿಗಮದ ಅರ್ಜಿ ನಮೂನೆಯಲ್ಲಿ ಒಂದು ಅಂಕಣ ಸೇರಿಸಿದೆ: 'ಮನೆಯಲ್ಲಿ, ಊರಿನಲ್ಲಿ ಅಥವಾ ಸಂಘ ಸಂಸ್ಥೆಗಳಲ್ಲಿ ತಾವು ನಿರ್ವಹಿಸಿರುವ ಹೊಣೆಗಾರಿಕೆಗಳು.' ಬಂದ ಉತ್ತರಗಳನ್ನು ರಾತ್ರಿ ಕುಳಿತು ಓದಿದೆ. ಒಬ್ಬ ಅಣ್ಣನ ಟೆಂಪೊದ ಸಾಲದ ಕಂತು ಲೆಕ್ಕ ನೋಡುತ್ತಿದ್ದ. ಒಬ್ಬಳು ತಾಯಿಯ ಸ್ವಸಹಾಯ ಗುಂಪಿನ ಪುಸ್ತಕ ಬರೆಯುತ್ತಿದ್ದಳು. ಇನ್ನೊಬ್ಬ ಗಣೇಶೋತ್ಸವದ ಚಂದಾ ಲೆಕ್ಕವನ್ನು ಮೂರು ವರ್ಷ ಜಗಳವಿಲ್ಲದೆ ನಿಭಾಯಿಸಿದ್ದನ್ನು ಬರೆದಿದ್ದ. ಕೊನೆಯದನ್ನು ಕಂಡು ನಮ್ಮ ಲೆಕ್ಕಾಧಿಕಾರಿಗಳು, 'ಸಾರ್, ಇವನನ್ನು ಬಿಡಬಾರದು' ಎಂದರು.

ಪೀಣ್ಯದ ಆ ಉದ್ಯಮಿಗೆ ತುಮಕೂರಿನ ಪ್ರಾಂಶುಪಾಲರ ದೂರವಾಣಿ ಸಂಖ್ಯೆ ಕೊಟ್ಟಿದ್ದೆ. ಮೂರು ವಾರ ಸುಮ್ಮನಿದ್ದು, ಆಮೇಲೆ ಒಂದು ಶನಿವಾರ ತಮ್ಮ ಅಕೌಂಟೆಂಟರನ್ನು ಕರೆದುಕೊಂಡು ಕಾಲೇಜಿಗೆ ಹೋದರಂತೆ. ಇಬ್ಬರನ್ನು ಆರಿಸಿದರು. ಹುಡುಗ ಆರನೆಯ ವಾರಕ್ಕೆ ಬಿಟ್ಟುಹೋದ, ಅವನಿಗೆ ಪೊಲೀಸ್ ನೇಮಕಾತಿ ಪರೀಕ್ಷೆಗೆ ಓದಬೇಕಿತ್ತು. ಹುಡುಗಿ ಉಳಿದಿದ್ದಾಳೆ. ಈಗ ಇ-ವೇ ಬಿಲ್ಲುಗಳ ಹೊಣೆ ಪೂರ್ತಿ ಅವಳದೇ. ಮೊನ್ನೆ ದೂರವಾಣಿಯಲ್ಲಿ ಉದ್ಯಮಿ ಕೇಳಿದರು: 'ಆ ಕಾಲೇಜಿನಲ್ಲಿ ಎರಡನೇ ವರ್ಷದ ಪರೀಕ್ಷೆ ಯಾವಾಗ ಮುಗಿಯುತ್ತದೆ ಸಾರ್?'